399 ದಿನದಿಂದ 11.86 ವರ್ಷಕ್ಕೆ: ಗುರುವಿನ ಒಂದು ಸುತ್ತು

ಎಲ್ಲರಿಗೂ ನಮಸ್ಕಾರ.

‘ಹುಡುಗಿಗೆ ಗುರುಬಲ ಯಾವಾಗ?’ ಎಂದು ಕೇಳುವವರು ಗುರು ರಾಶಿಗೊಂದು ವರ್ಷದಂತೆ ಹನ್ನೆರಡು ವರ್ಷಕ್ಕೆ ಒಂದು ಸುತ್ತು ಮುಗಿಸುತ್ತದೆ ಎಂದು ಮೊದಲೇ ಒಪ್ಪಿಕೊಂಡಿರುತ್ತಾರೆ. ಏಳೂವರೆ ಶನಿಯ ಲೆಕ್ಕವೂ ಹೀಗೆಯೇ: ರಾಶಿಗೆ ಎರಡೂವರೆ ವರ್ಷ, ಮೂರು ರಾಶಿ. ಫಲ ಹೇಳುವುದು ನನ್ನ ಕೆಲಸವಲ್ಲ, ಅದರಲ್ಲಿ ನನಗೆ ನಂಬಿಕೆಯೂ ಇಲ್ಲ. ಆದರೆ ಅದರ ಬುಡದಲ್ಲಿರುವ ಕಾಲಮಾನ ಗಟ್ಟಿಯಾದದ್ದು. ಗುರುವಿಗೆ 11.86 ವರ್ಷ, ಶನಿಗೆ 29.46 ವರ್ಷ. 499ರ ಸುಮಾರಿಗೆ ಆರ್ಯಭಟ 43,20,000 ವರ್ಷಗಳ ಯುಗದಲ್ಲಿ ಗುರುವಿಗೆ 3,64,224 ಸುತ್ತು ಹೇಳಿದ್ದಾನೆ. ಭಾಗಿಸಿ ನೋಡಿ, 11.861 ಬರುತ್ತದೆ.

ಹನ್ನೆರಡಕ್ಕೂ 11.86ಕ್ಕೂ ನಡುವೆ ಸುಮಾರು 50 ದಿನದ ಅಂತರ. ಅಷ್ಟಕ್ಕೆ ಯಾಕೆ ತಲೆಕೆಡಿಸಿಕೊಳ್ಳಬೇಕು ಎಂದರೆ, ಗುರುವಿನ ಸ್ಥಾನ ನೋಡಿ ನಡೆಸುವ ಹರಿದ್ವಾರದ ಕುಂಭಮೇಳವನ್ನೇ ತೆಗೆದುಕೊಳ್ಳಿ. 1938ರಿಂದ ಹನ್ನೆರಡು ಹನ್ನೆರಡು ವರ್ಷಕ್ಕೆ 1950, 1962, 1974, 1986, 1998, 2010. ಮುಂದಿನದು 2022ಕ್ಕೆ ಬರಬೇಕಿತ್ತು, 2021ಕ್ಕೇ ನಡೆಯಿತು. ಗುರುವಿನ ಏಳು ಸುತ್ತಿಗೆ 84 ವರ್ಷವಲ್ಲ, 83 ವರ್ಷ ಸಾಕು. ಆರು ಸಲ ಹನ್ನೆರಡು, ಒಂದು ಸಲ ಹನ್ನೊಂದು. ಮುಂಬಯಿಯ ನಮಗೆ ಪಕ್ಕದ ನಾಸಿಕದ ಸಿಂಹಸ್ಥ ಕುಂಭಮೇಳವೂ ಗುರು ಸಿಂಹರಾಶಿಯಲ್ಲಿರುವುದನ್ನೇ ನೆಚ್ಚಿಕೊಂಡದ್ದು.

ಈಗ ಮುಖ್ಯ ಪ್ರಶ್ನೆ: ಈ 11.86 ವರ್ಷವನ್ನು ನಾವೇ ಅಳೆಯುವುದು ಹೇಗೆ? ಗುರು ಸೂರ್ಯನನ್ನು ಸುತ್ತುವುದನ್ನು ನಾವು ನೇರವಾಗಿ ನೋಡುವುದೇ ಇಲ್ಲ. ನಾವು ನಿಂತಿರುವ ಭೂಮಿಯೂ ಓಡುತ್ತಿದೆ. ಕುರ್ಲಾ ದಾಟಿದ ಫಾಸ್ಟ್ ಲೋಕಲ್‌ನಿಂದ ಪಕ್ಕದ ಸ್ಲೋ ಗಾಡಿ ಹಿಂದೆ ಸರಿದಂತೆ ಕಾಣುತ್ತದಲ್ಲ, ಗುರುವಿನ ವಕ್ರಗತಿ ಅದೇ. ನಮ್ಮ ಕೈಗೆ ಸಿಗುವುದು ಒಂದೇ ಸಂಗತಿ: ಭೂಮಿ ಗುರುವನ್ನು ಹಿಂದೆ ಹಾಕುವ ದಿನ. ಆಗ ಸೂರ್ಯ ಒಂದು ಕಡೆ, ಗುರು ಸರಿಯಾಗಿ ಅದರ ಎದುರು. ಇದೇ ವಿಯುತಿ. ಎರಡು ವಿಯುತಿಗಳ ನಡುವೆ ಸರಾಸರಿ 398.88 ದಿನ.

ಲೆಕ್ಕ ಸರಳ. 1ನ್ನು 365.256ರಿಂದ ಭಾಗಿಸಿ: 0.0027378. ಭೂಮಿ ದಿನಕ್ಕೆ ತನ್ನ ಸುತ್ತಿನ ಇಷ್ಟು ಭಾಗ ಸಾಗುತ್ತದೆ. 1ನ್ನು 398.88ರಿಂದ ಭಾಗಿಸಿ: 0.0025070. ಭೂಮಿ ಗುರುವಿಗಿಂತ ದಿನಕ್ಕೆ ಇಷ್ಟು ಭಾಗ ಮುಂದೆ ಹೋಗುತ್ತದೆ. ಮೊದಲನೆಯದರಿಂದ ಕಳೆದರೆ ಉಳಿಯುವುದು 0.0002308, ಅದು ಗುರುವಿನ ಪಾಲು. ತಲೆಕೆಳಗು ಮಾಡಿ: 4333 ದಿನ. ಇಲ್ಲಿ 365.242 ಎಂಬ ಸಾಯನ ವರ್ಷ (ಋತುಗಳ ವರ್ಷ) ಹಾಕಬೇಡಿ, ನಕ್ಷತ್ರಗಳಿಗೆ ಹೋಲಿಸಿ ಅಳೆದ 365.256ರ ನಾಕ್ಷತ್ರಿಕ ವರ್ಷವೇ ಬೇಕು. ಇಲ್ಲದಿದ್ದರೆ ಉತ್ತರ ಎರಡು ದಿನ ಕಡಿಮೆಯಾಗುತ್ತದೆ.

ಎರಡು ದಿನ ಹೋದರೆ ಹೋಗಲಿ, ದೊಡ್ಡ ಅಪಾಯ ಬೇರೆ ಇದೆ. ಹತ್ತಿರ ಹತ್ತಿರ ಸಮವಾದ ಎರಡು ಸಂಖ್ಯೆಗಳನ್ನು ಕಳೆಯುತ್ತಿದ್ದೇವೆ, ಹಾಗಾಗಿ ಸಣ್ಣ ತಪ್ಪು ಕೊಬ್ಬುತ್ತದೆ. 398.88ರ ಬದಲು 399.88 ಹಾಕಿ, 4333 ಹೋಗಿ ಸುಮಾರು 4218 ಆಗುತ್ತದೆ. ಒಂದು ದಿನದ ತಪ್ಪಿಗೆ 115 ದಿನದ ದಂಡ! ಶನಿಯಲ್ಲಾದರೆ ಅದೇ ಒಂದು ದಿನ ಉತ್ತರವನ್ನು ಎರಡು ವರ್ಷದಷ್ಟು ಕೆಡಿಸುತ್ತದೆ.

ದಿನಾಂಕ ಸರಿಯಾಗಿದ್ದರೂ ಒಂದೇ ಅಂತರ ಸಾಲದು. 2022ರ ಸೆಪ್ಟೆಂಬರ್ 26ರ ವಿಯುತಿಯಿಂದ 2023ರ ನವೆಂಬರ್ 3ರ ವಿಯುತಿಗೆ 403 ದಿನ. ಅದೊಂದನ್ನೇ ನಂಬಿದರೆ ಗುರುವಿನ ಸುತ್ತು 10.7 ವರ್ಷಕ್ಕೆ ಇಳಿಯುತ್ತದೆ. ಮುಂದಿನದು 400 ದಿನ, ಅದರ ಮುಂದಿನದು 399. ಕಾರಣ, ಕಕ್ಷೆ ದೀರ್ಘವೃತ್ತ. ಗುರು 2023ರ ಜನವರಿಯಲ್ಲಿ ಸೂರ್ಯನಿಗೆ ಅತಿ ಸಮೀಪದಲ್ಲಿದ್ದು ವೇಗವಾಗಿ ಓಡುತ್ತಿತ್ತು, ಹಿಡಿಯಲು ಭೂಮಿಗೆ ಹೆಚ್ಚು ದಿನ ಬೇಕಾಯಿತು. ಮದ್ದು ಒಂದೇ: ಹನ್ನೆರಡು ವರ್ಷದ ಹನ್ನೊಂದು ಅಂತರಗಳ ಸರಾಸರಿ. ಆಗ ತುದಿಯ ದಿನಾಂಕದಲ್ಲಿ ಒಂದು ದಿನ ತಪ್ಪಿದರೂ ಉತ್ತರ ಕೆಡುವುದು ಹತ್ತು ದಿನದಷ್ಟೇ.

ಮುಂಬಯಿಯಲ್ಲಿ ಇದನ್ನು ಮಾಡಬಹುದೇ? ಗುರುವಿಗೆ ನಗರದ ಬೆಳಕು ಅಡ್ಡಿಯಲ್ಲ, ಟೆರೇಸ್ ಸಾಕು. ಹಿನ್ನೆಲೆಯ ಸಣ್ಣ ನಕ್ಷತ್ರಗಳು ಬೇಕೆಂದರೆ ಕರ್ಜತ್ ಗಾಡಿ ಹಿಡಿದು ವಾಂಗಣಿಗೆ ಹೋಗಿ. ಸೂರ್ಯ ಮುಳುಗುವ ಹೊತ್ತಿಗೆ ಗುರು ಹುಟ್ಟಿದರೆ ವಿಯುತಿ ಎಂಬ ಅಂದಾಜು ಮಾತ್ರ ಬೇಡ. ಎದುರಿನ ಕಟ್ಟಡ ಐದು ಡಿಗ್ರಿ ಮರೆ ಮಾಡಿದರೆ ಐದು ದಿನ ತಪ್ಪುತ್ತೀರಿ. ಟ್ರೈಪಾಡ್ ಮೇಲೆ ಮೊಬೈಲ್ ಇಟ್ಟು, ವಿಯುತಿಯ ಹಿಂದೆಮುಂದೆ ಎರಡು ವಾರ ದಿನ ಬಿಟ್ಟು ದಿನ ಫೋಟೋ ತೆಗೆಯಿರಿ. ನಕ್ಷತ್ರಗಳಿಂದ ಗುರುವಿನ ರೇಖಾಂಶ (ಆಕಾಶದಲ್ಲಿ ಸೂರ್ಯನ ಹಾದಿಯುದ್ದಕ್ಕೂ ಡಿಗ್ರಿಯಲ್ಲಿ ಅದರ ಸ್ಥಾನ) ಅಳೆಯಿರಿ, ಸೂರ್ಯನದನ್ನು ದೃಗ್ಗಣಿತ ಪಂಚಾಂಗದಿಂದ, ಅಂದರೆ ಆಕಾಶದಲ್ಲಿ ಕಾಣುವುದಕ್ಕೆ ಹೊಂದುವ ಪಂಚಾಂಗದಿಂದ ತೆಗೆದುಕೊಳ್ಳಿ. ಇವೆರಡರ ಅಂತರ ದಿನಕ್ಕೆ 1.13 ಡಿಗ್ರಿಯಂತೆ ಬದಲಾಗುತ್ತದೆ, 180 ದಾಟಿದ ಕ್ಷಣ ನಿಮ್ಮ ವಿಯುತಿ. ನಕ್ಷತ್ರಪಟ್ಟಿ ಸಾಯನ (ವಿಷುವ ಬಿಂದುವಿನಿಂದ ಎಣಿಸಿದ್ದು), ಪಂಚಾಂಗ ನಿರಯನ (ನಕ್ಷತ್ರಗಳಿಗೆ ಕಟ್ಟಿದ ಬಿಂದುವಿನಿಂದ ಎಣಿಸಿದ್ದು) ಆದರೆ ನಡುವೆ ಅಯನಾಂಶ ಎಂಬ 24 ಡಿಗ್ರಿ ವ್ಯತ್ಯಾಸ ನುಸುಳಿ ದಿನಾಂಕ ಮೂರು ವಾರ ಸರಿಯುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ದೂರ ಗೊತ್ತಿದ್ದರೆ ಇಷ್ಟೆಲ್ಲ ಬೇಡ. ಕೆಪ್ಲರ್‌ನ ಮೂರನೇ ನಿಯಮದಂತೆ, ಭೂಮಿ-ಸೂರ್ಯರ ಅಂತರವನ್ನು 1 ಎಂದಿಟ್ಟು ಗ್ರಹದ ದೂರದ ಘನಕ್ಕೆ ವರ್ಗಮೂಲ ತೆಗೆದರೆ ವರ್ಷಗಳು ಸಿಗುತ್ತವೆ. ನೆಪ್ಚೂನ್ 30 ಪಟ್ಟು ದೂರ. ಹಾದಿ 30 ಪಟ್ಟು ಉದ್ದ, ವೇಗ ಐದೂವರೆ ಪಟ್ಟು ಕಡಿಮೆ, ಹೀಗಾಗಿ 165 ವರ್ಷ. 1846ರಲ್ಲಿ ಪತ್ತೆಯಾದ ಮೇಲೆ ಅದರ ಮೊದಲ ಸುತ್ತು ಮುಗಿದದ್ದು 2011ರಲ್ಲಿ. ಬುಧ 88 ದಿನದಲ್ಲಿ, ಶುಕ್ರ 225ರಲ್ಲಿ, ಮಂಗಳ 687ರಲ್ಲಿ ಮುಗಿಸುತ್ತವೆ.

ಶುರು ಮಾಡುವವರಿಗೆ ಗುರುವಿನ ಮುಂದಿನ ವಿಯುತಿ 2027ರ ಫೆಬ್ರವರಿಯಲ್ಲಿ, ಆಕಾಶ ಶುಭ್ರವಾಗಿರುವ ಕಾಲ. ಶನಿಯ ವಿಯುತಿ 2024ರಲ್ಲಿ ಸೆಪ್ಟೆಂಬರ್ 8, 2025ರಲ್ಲಿ ಸೆಪ್ಟೆಂಬರ್ 21, ಎರಡೂ ನಮ್ಮ ಮಳೆಗಾಲಕ್ಕೆ ಸಿಕ್ಕಿಬಿದ್ದವು. ಅದು ವರ್ಷಕ್ಕೆ 13 ದಿನದಂತೆ ಮುಂದೆ ಸರಿಯುತ್ತದೆ. 2026ರಲ್ಲಿ ಅಕ್ಟೋಬರ್ 4, ಅಲ್ಲಿಂದಾಚೆಗೆ ಮೋಡದ ಕಾಟ ಕಡಿಮೆ.