ನೂರು ಬಾಕ್ಸ್ ಟೊಮೆಟೊ ಮುನ್ನೂರಾದದ್ದು ಹೇಗೆ?

ನಮಸ್ಕಾರ. ಕೋಲಾರದ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ವೀಕ್ಷಕರೊಬ್ಬರ ಪ್ರಶ್ನೆ: "ಸರ್, ರೈತ ತಂದದ್ದು ನೂರು ಬಾಕ್ಸ್. ಟೇಬಲ್‌ಗಳಿಂದ ವರದಿ ಮಾಡಿಕೊಡುವ ಸಾಫ್ಟ್‌ವೇರ್ ಪವರ್ ಬಿಐ ಮುನ್ನೂರು ಎನ್ನುತ್ತಿದೆ. ಮಾಲೀಕರು ನನ್ನ ಮುಖ ನೋಡುತ್ತಿದ್ದಾರೆ."

ಟೇಬಲ್ ಎಂದರೇನು, ಕಾಲಂ ಎಂದರೇನು ಎಂಬುದೆಲ್ಲ ನಿಮಗೆ ಗೊತ್ತಿದೆ. ನೇರವಾಗಿ ತಪ್ಪಿಗೇ ಹೋಗೋಣ.

(ಪರದೆಯ ಮೇಲೆ ಎರಡು ಟೇಬಲ್)

ಮೊದಲನೆಯದು ಲೋಡ್ ಟೇಬಲ್. ಈ ರೈತನದು ಎರಡು ಸಾಲು: ಸೋಮವಾರ 40 ಬಾಕ್ಸ್, ಗುರುವಾರ 60. ಎರಡನೆಯದು ಪಾವತಿ ಟೇಬಲ್. ಅಲ್ಲಿ ಮೂರು ಸಾಲು: 10,000, 15,000, 5,000 ರೂಪಾಯಿ. ನಮ್ಮ ವೀಕ್ಷಕರು ರೈತನ ನಂಬರ್ ಹಿಡಿದು ಎರಡನ್ನೂ ಮರ್ಜ್ ಮಾಡಿದ್ದಾರೆ, ಅಂದರೆ ಒಂದೇ ನಂಬರಿನ ಸಾಲುಗಳನ್ನು ಜೋಡಿಸಿ ಒಂದೇ ಟೇಬಲ್ ಮಾಡಿದ್ದಾರೆ. ಬಂದದ್ದು ಆರು ಸಾಲು.

ಆರು ಏಕೆ? ಮದುವೆ ಛತ್ರದ ಬಾಗಿಲಲ್ಲಿ ಬೀಗರನ್ನು ಎದುರುಗೊಳ್ಳುವುದನ್ನು ನೆನೆಸಿಕೊಳ್ಳಿ. ಹೆಣ್ಣಿನ ಕಡೆಯವರು ಇಬ್ಬರು, ಗಂಡಿನ ಕಡೆಯವರು ಮೂವರು. ಈ ಕಡೆಯ ಒಬ್ಬೊಬ್ಬರೂ ಆ ಕಡೆಯ ಒಬ್ಬೊಬ್ಬರ ಕೈ ಹಿಡಿದು ಮಾತನಾಡಿಸಬೇಕು, ಇಲ್ಲದಿದ್ದರೆ ಆ ಮುನಿಸು ನಾಮಕರಣದವರೆಗೂ ಉಳಿಯುತ್ತದೆ. ಒಟ್ಟು ಆರು ಕುಶಲೋಪರಿ. ಅಡುಗೆ ಭಟ್ಟರು ಒಂದು ಕುಶಲೋಪರಿಗೆ ಇಬ್ಬರು ಎಂದು ಎಣಿಸಿ ಎಲೆ ಹಾಕಿಸಿದರೆ? ಐದು ಜನರಿಗೆ ಹನ್ನೆರಡು ಎಲೆ!

ಮರ್ಜ್ ಮಾಡಿದ್ದೂ ಇದನ್ನೇ. 40 ಮೂರು ಸಲ, 60 ಮೂರು ಸಲ: 300 ಬಾಕ್ಸ್. ಕೊಟ್ಟ 30,000 ರೂಪಾಯಿಯೂ 60,000 ಆಗಿದೆ. ಮಾಲೀಕರ ಕಣ್ಣು ಇನ್ನೂ ಅಲ್ಲಿಗೆ ಹೋಗಿಲ್ಲ, ನಮ್ಮ ಪುಣ್ಯ. ಒಂದೇ ಕಂತಿನಲ್ಲಿ ಹಣ ಪಡೆದ ರೈತರ ಬಾಕ್ಸ್ ಲೆಕ್ಕ ಮಾತ್ರ ಸರಿಯಾಗಿಯೇ ಬರುತ್ತದೆ. ನನಗೆ ಸಿಟ್ಟು ಬರುವುದು ಅದಕ್ಕೇ: ಅಂಥ ನಾಲ್ಕು ಜನರ ಲೆಕ್ಕ ತಾಳೆ ನೋಡಿ ನೆಮ್ಮದಿಯಾಗಿ ಮಲಗಿಬಿಡುತ್ತೇವೆ.

ಮರ್ಜ್ ಬಿಡಿಸಿ. ರೈತನಿಗೆ ಒಂದೇ ಸಾಲಿನಂತೆ ಮೂರನೆಯ ಟೇಬಲ್ ಮಾಡಿ, ಅದರಿಂದ ಲೋಡ್‌ಗೆ ಒಂದು, ಪಾವತಿಗೆ ಒಂದು ಸಂಬಂಧ (ರಿಲೇಶನ್‌ಶಿಪ್) ರೈತನ ನಂಬರ್ ಹಿಡಿದೇ ಎಳೆಯಿರಿ. ವರದಿಗೆ ಹೆಸರನ್ನು ಈ ರೈತರ ಟೇಬಲ್‌ನಿಂದಲೇ ತನ್ನಿ. ಲೋಡ್ ಟೇಬಲ್‌ನಿಂದ ತಂದರೆ ಪ್ರತಿ ರೈತನ ಮುಂದೆಯೂ ಇಡೀ ಮಂಡಿಯ ಪಾವತಿ ಕಾಣಿಸುತ್ತದೆ. ಫಿಲ್ಟರ್, ಅಂದರೆ ಯಾವ ರೈತನ ಸಾಲು ಮಾತ್ರ ಎಣಿಸಬೇಕು ಎಂಬ ಆಯ್ಕೆ, ಒಂದು ಸಾಲಿನ ಕಡೆಯಿಂದ ಹಲವು ಸಾಲಿನ ಕಡೆಗೆ ಹರಿಯುತ್ತದೆ, ತಾನಾಗಿ ಹಿಂದಕ್ಕೆ ಹರಿಯುವುದಿಲ್ಲ.

ಸಮಯ ಮುಗಿಯುತ್ತಿದೆ, ಉಳಿದದ್ದು ಓಡುತ್ತಲೇ. ಹರಾಜಿನ ದರ ಬಾಕ್ಸ್‌ಗೆ ಸೋಮವಾರ 250 ರೂಪಾಯಿ, ಗುರುವಾರ 400. ಸರಾಸರಿ 325 ಎಂದು ನೂರರಿಂದ ಗುಣಿಸಿದರೆ 32,500, ಅದು ತಪ್ಪು. ಪವರ್ ಬಿಐಯ ಸಮ್‌ಎಕ್ಸ್ (SUMX) ಫಂಕ್ಷನ್ ಬಳಸಿ, ಅದು ಸಾಲು ಸಾಲಾಗಿ ಗುಣಿಸಿ ಕೊನೆಗೆ ಕೂಡುತ್ತದೆ: 34,000. ಬಾಕ್ಸ್‌ಗೆ ಇಷ್ಟು ಎಂಬ ಸಾಗಣೆ ದರ ರೈತರ ಟೇಬಲ್‌ನಲ್ಲಿದ್ದರೆ, ಅದನ್ನು ಪ್ರತಿ ಲೋಡ್ ಸಾಲಿಗೂ ತಂದುಕೊಡುವುದು ರಿಲೇಟೆಡ್ (RELATED) ಎಂಬ ಇನ್ನೊಂದು ಫಂಕ್ಷನ್.

ಸಾಗಣೆ ಬಿಟ್ಟು ನೋಡಿದರೆ, 34,000ದಲ್ಲಿ 30,000 ಕೊಟ್ಟಾಗಿದೆ. ಮಾಲೀಕರು ಮತ್ತೆ ನಿಮ್ಮ ಮುಖ ನೋಡಿದರೆ ಹೇಳಿ: ಆ ರೈತನಿಗೆ ಇನ್ನೂ 4,000 ಬಾಕಿ ಇದೆ.