ಕಣ್ಣಂಚಿನ ತಾಮ್ರದ ಉಂಗುರ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಮೊದಲು ಹೈಸ್ಕೂಲ್ ಮೇಷ್ಟ್ರುಗಳಿಗೆ, ಆಮೇಲೆ ತಂದೆತಾಯಿಗಳಿಗೆ. ಎಂಟನೇ ತರಗತಿವರೆಗೆ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದ ಹುಡುಗಿಯ ಅಕ್ಷರ ಒಂಬತ್ತಕ್ಕೆ ಬರುವಷ್ಟರಲ್ಲಿ ಕಾಗೆಕಾಲು ಗುಬ್ಬಿಕಾಲು ಆಗಿಬಿಡುತ್ತದೆ. ಮಾತು ತೊದಲುತ್ತದೆ. ಜೊಲ್ಲು ಸುರಿಯುತ್ತದೆ. ಲೋಟ ಎತ್ತಿದರೆ ಕೈ ನಡುಗಿ ಹಾಲು ಚೆಲ್ಲುತ್ತದೆ. ಬೈದರೆ ನಗುತ್ತಾಳೆ. ಅದು ನಗುವಲ್ಲ ಸ್ವಾಮಿ, ಮುಖದ ಸ್ನಾಯು ಬಿಗಿದು ಬಾಯಿ ಹಾಗೆ ನಿಂತಿರುತ್ತದೆ. ಶಾಲೆಯಲ್ಲಿ ‘ಕೊಬ್ಬು’ ಅನ್ನುತ್ತಾರೆ, ಊರಲ್ಲಿ ‘ಗಾಳಿ ಸೋಕಿದೆ’ ಅನ್ನುತ್ತಾರೆ. ಮನಸ್ಸಿನ ಕಾಯಿಲೆ ಎಂದು ಮಾತ್ರೆಯೂ ಶುರುವಾಗುತ್ತದೆ. ಅಂಥ ಕೆಲವು ಮಾತ್ರೆಗಳಿಂದ ಮೈ ಇನ್ನಷ್ಟು ಬಿಗಿಯುತ್ತದೆ. ಎರಡು ವರ್ಷದ ಹಿಂದೆ ಅವಳಿಗೆ ಕಾಮಾಲೆ ಬಂದಿತ್ತು, ನಾಟಿ ಔಷಧಿ ಕೊಡಿಸಿದ್ದೆವು ಅನ್ನುವುದನ್ನು ಮಾತ್ರ ಯಾರೂ ಈ ನಡುಕದ ಜೊತೆ ಸೇರಿಸಿ ನೋಡುವುದಿಲ್ಲ.

ಸೇರಿಸಿ ನೋಡಿ. ನಾನು ಹೇಳಬೇಕಾದ್ದು ಇದೊಂದೇ. ಎಳೆ ವಯಸ್ಸು, ಕಾರಣ ಸಿಗದ ಲಿವರ್ ತೊಂದರೆ, ಕಾರಣ ಸಿಗದ ನಡುಕ. ಇವು ಕಂಡರೆ ತಾಮ್ರ ನೆನಪಾಗಬೇಕು. ಕಾಯಿಲೆಯ ಹೆಸರು ವಿಲ್ಸನ್ ಕಾಯಿಲೆ.

ನಾವು ತಿನ್ನುವ ಬೇಳೆಕಾಳಿನಲ್ಲೆಲ್ಲ ಚೂರುಚೂರು ತಾಮ್ರ ಇದೆ. ಬೇಕಾದಷ್ಟನ್ನು ಬಳಸಿಕೊಂಡು ಮಿಕ್ಕಿದ್ದನ್ನು ಲಿವರ್ ಪಿತ್ತದ ಜೊತೆ ಹೊರಹಾಕುತ್ತದೆ. ಎಟಿಪಿ7ಬಿ ಎಂಬ ಜೀನ್ ಕೆಟ್ಟವರಲ್ಲಿ ಆ ಬಾಗಿಲು ತೆರೆಯುವುದಿಲ್ಲ. ತಾಮ್ರ ಲಿವರಿನಲ್ಲಿ ತುಂಬಿ, ಉಕ್ಕಿ, ಮಿದುಳಿಗೆ, ಮೂತ್ರಪಿಂಡಕ್ಕೆ, ಕಣ್ಣಿಗೆ ಹೋಗಿ ಕೂರುತ್ತದೆ.

ಕಣ್ಣು ಅಂದೆನಲ್ಲ, ಅದರದ್ದೊಂದು ಕಥೆ ಇದೆ, ಹೇಳದೆ ಮುಂದೆ ಹೋಗಲಾರೆ. 1902ರಲ್ಲಿ ಜರ್ಮನಿಯ ಕೈಸರ್ ಎಂಬ ಕಣ್ಣಿನ ವೈದ್ಯರು ಒಬ್ಬ ರೋಗಿಯ ಕಪ್ಪುಗುಡ್ಡೆಯ ಅಂಚಿನ ಸುತ್ತ ಹಸಿರುಗಂದು ಉಂಗುರ ಕಂಡರು. ರೋಗಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಇದೆ ಎಂದು ಎಲ್ಲರೂ ನಂಬಿದ್ದರು. ಉಂಗುರ ಹುಟ್ಟಿನಿಂದ ಬಂದದ್ದು ಎಂದು ಕೈಸರ್ ಅಂದುಕೊಂಡರು. ಮರುವರ್ಷ ಫ್ಲೈಶರ್ ಎಂಬವರೂ ಅದನ್ನೇ ಕಂಡು ಬರೆದರು. 1912ರಲ್ಲಿ ಲಂಡನ್ನಿನ ನರರೋಗ ತಜ್ಞ ವಿಲ್ಸನ್, ಮಿದುಳಿನ ಆಳದ ಹಾನಿ ಮತ್ತು ಗಂಟುಗಟ್ಟಿದ ಲಿವರ್ ಎರಡೂ ಒಂದೇ ಕಾಯಿಲೆಯವು ಎಂದು ಬಲು ದೊಡ್ಡ ಪ್ರಬಂಧ ಬರೆದರು. ಅಂಥ ಚುರುಕು ಕಣ್ಣಿನವರಿಗೂ ಉಂಗುರ ಕಾಣಲಿಲ್ಲ! ತಾಮ್ರದ ಸುಳಿವೂ ಆಗ ಇರಲಿಲ್ಲ. ತಾಮ್ರವೇ ಕಳ್ಳ ಎಂದು ಗಟ್ಟಿಯಾಗುವ ಹೊತ್ತಿಗೆ 1948 ಬಂತು. ಆಗಿದ್ದ ಔಷಧಿ ಒಂದು ಇಂಜೆಕ್ಷನ್, ಚುಚ್ಚಿಸಿಕೊಂಡರೆ ವಿಪರೀತ ನೋವು. ಆಮೇಲೆ ಬೋಸ್ಟನ್ನಿಗೆ ಬಂದಿದ್ದ ಇಂಗ್ಲೆಂಡಿನ ಜಾನ್ ವಾಲ್ಷ್, ಇಂಥ ಒಬ್ಬ ರೋಗಿಯನ್ನು ನೋಡುತ್ತಲೇ, ಪೆನ್ಸಿಲಿನ್ ತೆಗೆದುಕೊಂಡವರ ಮೂತ್ರದಲ್ಲಿ ಸಿಗುವ ಪೆನಿಸಿಲ್ಲಮೈನ್ ನೆನಪಿಸಿಕೊಂಡರು. ಅದರ ಗಂಧಕದ ಕೊಂಡಿ ತಾಮ್ರವನ್ನು ಹಿಡಿದು ಎಳೆದು ತರಬಹುದಲ್ಲ? ಮೊದಲು ತಾವೇ ಒಂದು ಗ್ರಾಂ ನುಂಗಿ ನೋಡಿದರು, ಆಮೇಲೆ ರೋಗಿಗೆ ಕೊಟ್ಟರು. 1956ರಲ್ಲಿ ಪ್ರಕಟಿಸಿದರು. ಅದೇ ಮಾತ್ರೆ ಇವತ್ತಿಗೂ ಕೊಡುತ್ತಿದ್ದೇವೆ.

ಕಥೆಯಲ್ಲೇ ಸಮಯ ಹೋಯಿತು. ಪರೀಕ್ಷೆಗೆ ಬರೋಣ.

ಉಂಗುರ ಕಣ್ಣಿನ ಮೇಲಂಚಿನಲ್ಲಿ ಮೊದಲು ಶುರುವಾಗುತ್ತದೆ, ರೆಪ್ಪೆಯ ಮರೆಯಲ್ಲಿ. ನಮ್ಮವರ ಕಣ್ಣು ಕಂದು, ಉಂಗುರವೂ ಕಂದು, ಬರೀ ಟಾರ್ಚ್ ಹಾಕಿ ನೋಡಿದರೆ ಕಾಣುವುದಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ‘ವಿಲ್ಸನ್ ಅನುಮಾನ ಇದೆ, ರೆಪ್ಪೆ ಎತ್ತಿ ಸ್ಲಿಟ್ ಲ್ಯಾಂಪಿನಲ್ಲಿ ನೋಡಿ’ ಎಂದು ಬಾಯಿಬಿಟ್ಟು ಹೇಳಿ. ಸ್ಲಿಟ್ ಲ್ಯಾಂಪ್ ಅಂದರೆ ಕಣ್ಣನ್ನು ದೊಡ್ಡದು ಮಾಡಿ ತೋರಿಸುವ ಅವರ ಯಂತ್ರ. ಮಿದುಳಿಗೆ ತಟ್ಟಿದವರಲ್ಲಿ ಉಂಗುರ ಬಹುತೇಕ ಇದ್ದೇ ಇರುತ್ತದೆ. ಬರೀ ಲಿವರ್ ಕೆಟ್ಟವರಲ್ಲಿ ಸುಮಾರು ಅರ್ಧ ಜನಕ್ಕೆ ಇರುವುದಿಲ್ಲ, ಆದ್ದರಿಂದ ಉಂಗುರ ಇಲ್ಲ ಎಂದು ಕಾಯಿಲೆ ಇಲ್ಲ ಅನ್ನಬೇಡಿ.

ಇನ್ನೊಂದು ಮೋಸ ರಕ್ತದ ರಿಪೋರ್ಟಿನದು. ಮೈಯೆಲ್ಲ ತಾಮ್ರ ತುಂಬಿದ್ದರೂ ರಕ್ತದ ಒಟ್ಟು ತಾಮ್ರ ಕಡಿಮೆ ಎಂದೇ ಬರುತ್ತದೆ. ಯಾಕೆ? ರಕ್ತದ ತಾಮ್ರ ಬಹುಪಾಲು ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನಿನ ಬೆನ್ನೇರಿ ಓಡಾಡುತ್ತದೆ. ಇವರಲ್ಲಿ ಆ ಪ್ರೋಟೀನೇ ಇಳಿದಿರುತ್ತದೆ, ಸಾಮಾನ್ಯವಾಗಿ ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕೆಳಗೆ. ‘ತಾಮ್ರ ಕಮ್ಮಿ ಇದೆಯಂತೆ’ ಎಂದು ತಾಮ್ರದ ಚೊಂಬಿನಲ್ಲಿ ನೀರಿಟ್ಟು ಕುಡಿಸುವವರಿದ್ದಾರೆ. ದಯವಿಟ್ಟು ಬೇಡ! ಈ ರೋಗಿಗೆ ತಾಮ್ರದ ಚೊಂಬು, ಕಲಾಯಿ ಹೋದ ಹಿತ್ತಾಳೆ ಪಾತ್ರೆ ಎರಡೂ ಬೇಡ.

ನಂಬಬಹುದಾದದ್ದು 24 ಗಂಟೆಯ ಮೂತ್ರ. ಬೆಳಗ್ಗೆ ಆರಕ್ಕೆ ಎದ್ದು ಮೊದಲನೆಯದನ್ನು ಚೆಲ್ಲಿ. ಅಲ್ಲಿಂದ ಮಾರನೆಯ ಬೆಳಗಿನ ಆರರದ್ದೂ ಸೇರಿ ಒಂದು ಹನಿ ಬಿಡದೆ ಹಿಡಿಯಿರಿ, ಲ್ಯಾಬಿನವರು ಕೊಟ್ಟ ಕ್ಯಾನಿನಲ್ಲೇ. ಮನೆಯ ಚೆಂಬು, ಬಕೆಟ್ಟಿನಲ್ಲಿ ಹಿಡಿದು ಸುರಿದರೆ ಲೆಕ್ಕ ಕೆಡುತ್ತದೆ. ಶಾಲೆಗೆ ಹೋಗಿ ಅಲ್ಲೊಂದು ಸಲ ಮುಗಿಸಿ ಬಂದರೆ ಪರೀಕ್ಷೆಯೇ ದಂಡ, ಭಾನುವಾರ ಮಾಡಿ. ದೊಡ್ಡವರಲ್ಲಿ ದಿನಕ್ಕೆ 100 ಮೈಕ್ರೋಗ್ರಾಂ ದಾಟಿದರೆ ಅನುಮಾನ ಬಲವಾಯಿತು; ಮಕ್ಕಳಲ್ಲಿ 40 ದಾಟಿದರೂ ಬಿಡುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆಯನ್ನು ದಶಕಗಳಿಂದ ನೋಡುತ್ತಿದ್ದಾರೆ.

ಕಾಯಿಲೆ ಖಚಿತವಾದರೆ ಪೆನಿಸಿಲ್ಲಮೈನ್ ಮಾತ್ರೆ. ಅದು ಖಾಲಿ ಹೊಟ್ಟೆಗೆ, ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ಆಮೇಲೆ. ಶುರುವಿನಲ್ಲಿ ಕೆಲವರಿಗೆ ನಡುಕ ಹೆಚ್ಚಾಗುತ್ತದೆ, ಅದಕ್ಕೇ ಸಣ್ಣ ಪ್ರಮಾಣದಿಂದ ಏರಿಸುತ್ತಾರೆ. ಹೆಚ್ಚಾಯಿತು ಎಂದು ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಚೆನ್ನಾದೆ ಎಂದೂ ನಿಲ್ಲಿಸಬೇಡಿ, ಮದುವೆಯಾಗಲಿ, ಬಸುರಾಗಲಿ. ಬಿಟ್ಟವರ ಲಿವರ್ ಒಮ್ಮೆಲೇ ಕೈಕೊಡಬಹುದು.

ಇನ್ನು ಒಡಹುಟ್ಟಿದವರು. ತಂದೆತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗಲೇ ಈ ಕಾಯಿಲೆ. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾದ ಮನೆಗಳಲ್ಲಿ ಅದಕ್ಕೇ ಹೆಚ್ಚು. ಅಕ್ಕನಿಗಿದ್ದರೆ ತಮ್ಮನಿಗೂ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವನು ಚೆನ್ನಾಗಿ ಓಡಾಡಿಕೊಂಡಿರುತ್ತಾನೆ, ಕಬಡ್ಡಿ ಆಡುತ್ತಿರುತ್ತಾನೆ. ಆದರೂ ಅಕ್ಕನ ಜೊತೆ ಅವನನ್ನೂ ಕರೆದುಕೊಂಡು ಹೋಗಿ, ಅವನ ರೆಪ್ಪೆಯನ್ನೂ ಎತ್ತಿಸಿ, ರಕ್ತ, ಮೂತ್ರ ಎರಡನ್ನೂ ಕೊಡಿಸಿ. ನಮಸ್ಕಾರ.