ಕೋಲಾರದ ಕೆರೆ ಮೇಲೆ ಪೋಸ್ಟ್‌ಡಾಕ್ ಮಾಡಬಹುದಾ?

[ದೃಶ್ಯ: ನರಸಾಪುರ ಕೆರೆ ಏರಿ, ಬೆಳಗಿನ ಹೊತ್ತು]

ನಮಸ್ಕಾರ. ಜಲವಿಜ್ಞಾನದಲ್ಲೋ ಕೆರೆ ಪರಿಸರದಲ್ಲೋ ಪಿಎಚ್‌ಡಿ ಮುಗಿಸಿದವರು ಕೇಳ್ತಾನೇ ಇರ್ತಾರೆ, ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಆದಮೇಲಿನ ಸಂಶೋಧನೆ ಕೆಲಸ, ಎಲ್ಲಿ ಸಿಗುತ್ತೆ ಅಂತ. ಜಾಹೀರಾತು ಹುಡುಕೋದು ಆಮೇಲೆ ಇರಲಿ. ಮೊದಲು ಈ ನೀರು ನೋಡಿ.

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಮಳೆ ಬಂದರೆ ಕೆರೆ ತುಂಬುತ್ತಿತ್ತು, ಬೇಸಿಗೆಗೆ ಒಣಗುತ್ತಿತ್ತು. 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆ ಶುರುವಾಯಿತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಿಡುತ್ತಾರೆ. ಅದು ಕೋಡಿ ಹೋದ ಮೇಲೆ ಮುಂದಿನ ಕೆರೆಗೆ. ಗುರಿ ದಿನಕ್ಕೆ 440 ದಶಲಕ್ಷ ಲೀಟರ್. ನೊರೆ ಕಂಡು ಜನ ಬೆಚ್ಚಿದರು, ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಉಳಿದ ಸಾರಜನಕ, ರಂಜಕದಂಥವನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನೋ ಕೂಗು ಇನ್ನೂ ನಿಂತಿಲ್ಲ.

ಸಂಶೋಧಕರ ಕಣ್ಣಿಗೆ ಇದು ಬೇರೆ ಥರ ಕಾಣಬೇಕು. ಒಣಗಿ ತುಂಬುವ ಕೆರೆ ಈಗ ಸದಾ ತುಂಬಿದೆ. ಅಂಚಿನ ಕೆಸರಲ್ಲಿ ಮೇಯುತ್ತಿದ್ದ ಹಕ್ಕಿಗಳು ಏನಾದವು? ಸಾರಜನಕ, ರಂಜಕ ಹೂಳಲ್ಲಿ ಎಷ್ಟು ಕೂತಿದೆ? ಬೋರ್‌ವೆಲ್‌ಗೆ ಬರ್ತಿರೋದು ಕೆರೆ ನೀರಾ, ಮಳೆ ನೀರಾ?

[ದೃಶ್ಯ: ತೂಬಿನ ಪಕ್ಕ ನೆಟ್ಟ ಅಳತೆ ಕೋಲು]

ಕೊನೆಯ ಪ್ರಶ್ನೆಗೆ ಸೊಗಸಾದ ದಾರಿ ಇದೆ. ಬಿಸಿಲಿಗೆ ನೀರು ಆವಿಯಾಗುವಾಗ ಹಗುರ ಅಣುಗಳು ಮೊದಲು ಹೋಗುತ್ತವೆ. ಹಾಗಾಗಿ ಕೆರೆಯಲ್ಲಿ ಉಳಿದ ನೀರಲ್ಲಿ ಆಕ್ಸಿಜನ್-18ರ, ಅಂದರೆ ತೂಕ ಹೆಚ್ಚಿರುವ ಆಕ್ಸಿಜನ್‌ನ, ಪಾಲು ಏರುತ್ತದೆ. ಅದೇ ಗುರುತು ಬೋರ್‌ವೆಲ್ ನೀರಲ್ಲೂ ಸಿಕ್ಕರೆ, ಕೆರೆ ನೀರು ಬಂಡೆಯ ಬಿರುಕಲ್ಲಿ ಇಳಿದಿದೆ ಅಂತ ಹೇಳಬಹುದು. ಇನ್ನು ಈ ಕೋಲು. ಒಳಹರಿವೂ ಕೋಡಿಯೂ ನಿಂತ ದಿನ, ರಾತ್ರಿ ಎಷ್ಟು ಇಳಿಯಿತು ನೋಡಿ. ರಾತ್ರಿ ಆವಿ ಕಡಿಮೆ, ಇಳಿದದ್ದು ಹೆಚ್ಚು ಕಡಿಮೆ ಇಂಗಿದ್ದೇ. ದುಬಾರಿ ಯಂತ್ರಕ್ಕಿಂತ ಮೊದಲು ಕೆರೆ ನೀರು ಬಿಡುವ ಊರಿನ ನೀರುಗಂಟಿ ಜೊತೆ ಅರ್ಧ ದಿನ ಕೂತು ಬನ್ನಿ, ಯಾವ ಕಾಲುವೆ ಯಾವಾಗ ಹರಿಯಿತು ಅನ್ನೋದು ಅವರಿಗೆ ಗೊತ್ತು.

ಈಗ ದುಡ್ಡಿನ ಮಾತು. ದೇಶದೊಳಗೆ ದೊಡ್ಡ ಬಾಗಿಲು ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್. ಮೊದಲು ಕೇಂದ್ರದ ವಿಜ್ಞಾನ ಮಂಡಳಿ ಎಸ್‌ಇಆರ್‌ಬಿ ಕೊಡುತ್ತಿತ್ತು, ಈಗ ಅದರ ಜಾಗಕ್ಕೆ ಬಂದ ಎಎನ್‌ಆರ್‌ಎಫ್. ಅವಧಿ ಎರಡು ವರ್ಷ, ವಯಸ್ಸಿನ ಮಿತಿ 35. ಮಹಿಳೆಯರು, ಎಸ್‌ಸಿ, ಎಸ್‌ಟಿ, ಒಬಿಸಿ, ಅಂಗವಿಕಲರಿಗೆ ಐದು ವರ್ಷ ಸಡಿಲಿಕೆ. ಮಾರ್ಗದರ್ಶಕರನ್ನು ನೀವೇ ಹುಡುಕಿ ಒಪ್ಪಿಸಬೇಕು. ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ), ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ ಎರಡೂ ಬೆಂಗಳೂರಲ್ಲೇ ಇವೆ. ಕೋಲಾರದಿಂದ ಎರಡು ಗಂಟೆ, ಟ್ರಾಫಿಕ್ ಮನಸ್ಸು ಮಾಡಿದರೆ!

ಹೊರದೇಶ ಬೇಕಾ? ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್‌ಗೆ ವಯಸ್ಸಿನ ಮಿತಿ ಇಲ್ಲ. ಆದರೆ ಹೋಗುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಅರ್ಜಿ ಹಾಕೋ ಮೊದಲು ಆ ವರ್ಷದ ನಿಯಮ ಓದಿ, ಸ್ವಲ್ಪ ಸ್ವಲ್ಪ ಬದಲಾಗ್ತಾ ಇರುತ್ತೆ.

ಮಾರ್ಗದರ್ಶಕರಿಗೆ ಬರೆಯುವಾಗ "ಅವಕಾಶ ಕೊಡಿ ಸರ್" ಅಂತ ಸುಮ್ನೆ ಬಯೋಡೇಟಾ ಕಳಿಸಬೇಡಿ. ಒಂದೇ ಪುಟ ಸಾಕು. ಯಾವ ಕೆರೆ, ಯಾವ ಪ್ರಶ್ನೆ, ಯಾವ ಅಳತೆ, ಯಾವ ತಿಂಗಳಲ್ಲಿ. ಮಳೆಗಾಲ ಶುರುವಾಗೋ ಮುಂಚಿನ ನೀರಿನ ಮಾದರಿ ನಿಮ್ಮ ಹತ್ತಿರ ಇದ್ದರೆ, ಅದನ್ನು ಮೊದಲ ಸಾಲಲ್ಲೇ ಬರೆಯಿರಿ.